ಟೇಬಲ್ ಲೆಕ್ಕಕ್ಕಿಂತ ಮೊದಲು ಬಾಗಿಲ ಲೆಕ್ಕ: ಕಾಲೇಜು ಲ್ಯಾಬ್ ವಿನ್ಯಾಸದಲ್ಲಿ ಬೆಂಕಿ ಸುರಕ್ಷತೆ ಮತ್ತು ಹೊರದಾರಿಯ ಸಮಗ್ರ ಮಾರ್ಗದರ್ಶಿ

ಮೈಸೂರು, ಮಂಡ್ಯ ಕಡೆ ಯಾವ ಕಾಲೇಜಿನಲ್ಲಾದರೂ ಹೊಸ ಕೆಮಿಸ್ಟ್ರಿ ಲ್ಯಾಬ್ ಮಾತು ಬಂದರೆ ಮೊದಲು ಕೇಳುವುದು ಒಂದೇ: "ಎಷ್ಟು ಟೇಬಲ್ ಹಿಡಿಯುತ್ತೆ?" ಆಮೇಲೆ ಸಿಂಕ್, ಗ್ರಾನೈಟ್ ಬಣ್ಣ, ಬೋರ್ಡ್ ಎಲ್ಲಿ ಅಂತ ಚರ್ಚೆ. ಬಾಗಿಲಿನ ಮಾತು ಬರುವುದು ಕೊನೆಗೆ. ಅದೂ ಬೀಗದ ಕೈ ಯಾರ ಹತ್ತಿರ ಇರಬೇಕು ಅನ್ನುವ ವಿಷಯಕ್ಕೆ. ಈ ಕ್ರಮವನ್ನು ತಿರುಗಿಸಿ. ಮೊದಲು ಬಾಗಿಲು, ಆಮೇಲೆ ಬಾಗಿಲಿಗೆ ಹೋಗುವ ದಾರಿ, ಆಮೇಲೆ ಅಪಾಯದ ಜಾಗಗಳು. ಉಳಿದ ಜಾಗದಲ್ಲಿ ಟೇಬಲ್.

ಯಾಕೆ ಇಷ್ಟು ಒತ್ತಿ ಹೇಳಬೇಕು ಅಂದರೆ, ಲ್ಯಾಬ್ ಬೆಂಕಿ ಕಾಗದದ ಬೆಂಕಿಯಂತೆ ನಿಧಾನವಾಗಿ ಹಬ್ಬುವುದಿಲ್ಲ. ಫ್ಲ್ಯಾಶ್ ಪಾಯಿಂಟ್ ಅಂದರೆ ಒಂದು ದ್ರವ ಕಿಡಿಗೆ ಹತ್ತಿಕೊಳ್ಳುವಷ್ಟು ಆವಿ ಬಿಡಲು ಶುರು ಮಾಡುವ ಉಷ್ಣತೆ. ಈಥರ್‌ನದು ಮೈನಸ್ 45 ಡಿಗ್ರಿ ಸೆಲ್ಸಿಯಸ್. ಅಸಿಟೋನ್‌ದು ಮೈನಸ್ 20ರ ಆಸುಪಾಸು, ಟೊಲ್ಯೂಯಿನ್‌ದು 4, ಈಥೈಲ್ ಆಲ್ಕೊಹಾಲ್‌ದು ಸುಮಾರು 13. ಮೈಸೂರಿನ ಡಿಸೆಂಬರ್ ಚಳಿಯಲ್ಲೂ ಇವು ಕಿಡಿ ತಾಗಿದರೆ ಹತ್ತಿಕೊಳ್ಳುವಷ್ಟು ಆವಿ ಬಿಡುತ್ತಲೇ ಇರುತ್ತವೆ. ಆ ಆವಿ ಗಾಳಿಗಿಂತ ಭಾರ. ಟೇಬಲ್ ಮೇಲಿಂದ ಇಳಿದು, ನೆಲದ ಮೇಲೆ ಹರಿದು, ದೂರದ ಬರ್ನರ್ ಮುಟ್ಟಿ ವಾಪಸ್ ಬೆಂಕಿಯಾಗಿ ಬರಬಲ್ಲದು. ಇಂಥ ಹೊತ್ತಿನಲ್ಲಿ ಮಕ್ಕಳ ಕೈಯಲ್ಲಿರುವುದು ಕೆಲವೇ ಸೆಕೆಂಡು.

ಉದಾಹರಣೆಗೆ ನಮ್ಮೂರಲ್ಲಿ ಎಲ್ಲರಿಗೂ ಗೊತ್ತಿರುವ ಅಳತೆಯನ್ನೇ ಹಿಡಿಯೋಣ: ಮೂವತ್ತು ನಲವತ್ತು ಸೈಟು. 30 ಅಡಿ ಅಗಲ, 40 ಅಡಿ ಉದ್ದದ ಒಂದು ಡಿಗ್ರಿ ಕೆಮಿಸ್ಟ್ರಿ ಲ್ಯಾಬ್. ಉದ್ದದ ಒಂದು ಪಕ್ಕ ಕಾರಿಡಾರ್, ಎದುರು ಪಕ್ಕ ಕಿಟಕಿಗಳು.

ಹಂತ 1: ಯಾವ ಮಹಡಿ, ಕಟ್ಟಡದ ಯಾವ ಮೂಲೆ

ಆಯ್ಕೆ ನಿಮ್ಮ ಕೈಯಲ್ಲಿದ್ದರೆ ನೆಲಮಹಡಿ, ಅದರಲ್ಲೂ ಕಟ್ಟಡದ ತುದಿ. ತುದಿಯಲ್ಲಿದ್ದರೆ ಒಂದು ಬಾಗಿಲನ್ನು ನೇರವಾಗಿ ಬಯಲಿಗೇ ಇಡಬಹುದು. ಮೇಲಿನ ಮಹಡಿಯಾದರೆ ಫ್ಯೂಮ್ ಹುಡ್‌ನ (ವಿಷದ ಹೊಗೆ, ಆವಿ ಎಳೆದು ಹೊರಗೆ ಬಿಡುವ ಗೂಡು) ಪೈಪ್ ಖರ್ಚು ಉಳಿಯುತ್ತದೆ ಅಂತ ಕಾಂಟ್ರಾಕ್ಟರ್ ಹೇಳುತ್ತಾರೆ. ನಿಜ, ಉಳಿಯುತ್ತದೆ. ಆದರೆ ಮೆಟ್ಟಿಲು ಇಳಿಯುವ ಹೊತ್ತು, ನೀರಿನ ಒತ್ತಡ, ಸಿಲಿಂಡರ್ ಸಾಗಾಟ ಇವೆಲ್ಲ ಎದುರಾಗುತ್ತವೆ. ನನ್ನ ಮಟ್ಟಿಗೆ ಪೈಪಿಗೆ ದುಡ್ಡು ಹಾಕುವುದೇ ಸರಿ. ಬೇಸ್‌ಮೆಂಟ್ ಮಾತ್ರ ಬೇಡವೇ ಬೇಡ. ಎಲ್‌ಪಿಜಿ ಆಗಲಿ, ಸಾಲ್ವೆಂಟ್ (ಈಥರ್, ಅಸಿಟೋನ್‌ನಂಥ ದ್ರಾವಕ) ಆವಿ ಆಗಲಿ ತಗ್ಗಿಗೇ ಇಳಿದು ನಿಲ್ಲುತ್ತವೆ.

ಲ್ಯಾಬ್ ಈಗಾಗಲೇ ಮೇಲಿನ ಮಹಡಿಯಲ್ಲಿದ್ದರೆ ಕಾರಿಡಾರ್‌ನ ಎರಡೂ ತುದಿಗೆ ಮೆಟ್ಟಿಲು ಇದೆಯಾ ನೋಡಿ. ರಾಷ್ಟ್ರೀಯ ಕಟ್ಟಡ ಸಂಹಿತೆ, ಅಂದರೆ ಎನ್‌ಬಿಸಿ 2016, ಅದರ 4ನೇ ಭಾಗ ಪೂರ್ತಿ ಬೆಂಕಿ ಮತ್ತು ಜೀವರಕ್ಷಣೆಗೇ ಮೀಸಲು. ಶಾಲಾ ಕಾಲೇಜು ಕಟ್ಟಡಗಳಲ್ಲಿ ಒಂದೇ ಕಡೆ ದಾರಿಯಿರುವ ಕುರುಡು ತುದಿ 6 ಮೀಟರ್‌ಗಿಂತ ಜಾಸ್ತಿ ಇರಬಾರದು ಎನ್ನುತ್ತದೆ ಅದು. ನಮ್ಮ ಎಷ್ಟೋ ಕಾಲೇಜುಗಳಲ್ಲಿ ಲ್ಯಾಬ್ ಇರುವುದೇ ಕಾರಿಡಾರ್‌ನ ಕುರುಡು ತುದಿಯಲ್ಲಿ.

ಹಂತ 2: ಎರಡು ಬಾಗಿಲು, ನಡುವೆ ಸಾಕಷ್ಟು ದೂರ

ನಮ್ಮ ಮೂವತ್ತು ನಲವತ್ತು ಲ್ಯಾಬಿಗೆ ಎರಡು ಬಾಗಿಲು ಬೇಕು. ಎರಡೂ ಅಕ್ಕಪಕ್ಕ ಇದ್ದರೆ ಒಂದೇ ಬೆಂಕಿ ಎರಡನ್ನೂ ಮುಚ್ಚುತ್ತದೆ. ಹಾಗಾಗಿ ಒಂದು ಸುಲಭ ಲೆಕ್ಕ ಇಟ್ಟುಕೊಳ್ಳಿ. ಕೋಣೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಅಳೆಯಿರಿ. ಬಾಗಿಲುಗಳ ನಡುವಿನ ದೂರ ಅದರ ಅರ್ಧಕ್ಕಿಂತ ಕಡಿಮೆ ಆಗಬಾರದು. ಸ್ಪ್ರಿಂಕ್ಲರ್ (ಬೆಂಕಿ ಬಿದ್ದರೆ ಸೂರಿನಿಂದ ತಾನೇ ನೀರು ಚಿಮುಕಿಸುವ ವ್ಯವಸ್ಥೆ) ಇಲ್ಲದ ಕಡೆ ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎಯ ಸಂಹಿತೆ ಹೇಳುವುದೂ ಇದನ್ನೇ. 30-40ರ ಮೂಲೆಯಿಂದ ಮೂಲೆಗೆ ಸರಿಯಾಗಿ 50 ಅಡಿ. ಅರ್ಧ ಅಂದರೆ 25. ಕಾರಿಡಾರ್ ಗೋಡೆಯ ಈ ತುದಿಗೊಂದು, ಆ ತುದಿಗೊಂದು ಬಾಗಿಲಿಟ್ಟರೆ ನಡುವೆ 30 ಅಡಿ ಆರಾಮಾಗಿ ಸಿಗುತ್ತದೆ.

ಬಾಗಿಲು ಹೊರಕ್ಕೆ ತೆರೆಯಬೇಕು. ಒಳಕ್ಕೆ ತೆರೆಯುವ ಬಾಗಿಲಿಗೆ ಹತ್ತು ಜನ ಒಟ್ಟಿಗೆ ಒರಗಿದರೆ ಮುಂದಿರುವವನು ಅದನ್ನು ಎಳೆಯಲಾರ. ಅಗಲ ಕನಿಷ್ಠ 1 ಮೀಟರ್, ಎತ್ತರ 2 ಮೀಟರ್ ಎಂದು ಎನ್‌ಬಿಸಿ ಹೇಳುತ್ತದೆ. ಇದು ಚೌಕಟ್ಟಿನ ಅಳತೆಯಲ್ಲ, ಮನುಷ್ಯ ದಾಟುವ ತೆರಪಿನ ಅಳತೆ. ಎರಡು ಕದದ ಬಾಗಿಲಾದರೆ ಒಂದು ಕದಕ್ಕೆ ಯಾವಾಗಲೂ ಮೇಲೆ ಕೆಳಗೆ ಬೋಲ್ಟ್ ಹಾಕಿರುತ್ತಾರೆ, ಅಲ್ವಾ? ಆಗ ಲೆಕ್ಕಕ್ಕೆ ಬರುವುದು ಉಳಿದ ಅರ್ಧ ಮಾತ್ರ. ಒಂದೇ ಕದದ ಅಗಲವಾದ ಬಾಗಿಲು ವಾಸಿ. ತೆರೆದ ಕದ ಕಾರಿಡಾರ್‌ನಲ್ಲಿ ನಡೆಯುವವರಿಗೆ ಅಡ್ಡ ಬರದಂತೆ ಚೌಕಟ್ಟನ್ನು ಒಂದಿಷ್ಟು ಒಳಗೆ ಸರಿಸಿ ಕೂರಿಸಲು ಮೇಸ್ತ್ರಿಗೆ ಮೊದಲೇ ಹೇಳಿ. ಗೋಡೆ ಎದ್ದ ಮೇಲೆ ಹೇಳಿದರೆ ಆಗುವುದಿಲ್ಲ.

ಹಂತ 3: ಬೀಗದ ಸಮಸ್ಯೆ

ಈ ಹಂತಕ್ಕೆ ಜಾಸ್ತಿ ಜಾಗ ಕೊಡುತ್ತಿದ್ದೇನೆ. ನಕ್ಷೆಯಲ್ಲಿ ಎರಡು ಬಾಗಿಲಿದ್ದು, ಬಳಕೆಯಲ್ಲಿ ಒಂದೇ ಇರುವ ಲ್ಯಾಬುಗಳು ನಮ್ಮಲ್ಲಿ ತುಂಬಾ. ಎರಡನೇ ಬಾಗಿಲಿಗೆ ಬೀಗ, ಬೀಗದ ಮುಂದೆ ಬೀರು, ಬೀರುವಿನ ಮೇಲೆ ಹಳೇ ರೆಕಾರ್ಡ್ ಪುಸ್ತಕ. ಸಾಲದ್ದಕ್ಕೆ ಮೆಟ್ಟಿಲ ಬಳಿ ಚಾನೆಲ್ ಗೇಟ್, ಅದಕ್ಕೂ ಬೀಗ. 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತರು. ಹೊಗೆ ತುಂಬಿದ ಬಾಲ್ಕನಿಯಿಂದ ಅವರಿಗೆ ಹೊರಬರಲು ಆಗಲಿಲ್ಲ. ಸುಟ್ಟುಕೊಂಡದ್ದಕ್ಕಿಂತ ಉಸಿರು ಕಟ್ಟಿದ್ದೇ ಅಲ್ಲಿ ಸಾವಿಗೆ ಕಾರಣ.

"ಸರ್, ಬೀಗ ಹಾಕದಿದ್ದರೆ ಕಳ್ಳತನ ಆಗುತ್ತೆ." ಅಟೆಂಡರ್ ಹೇಳುವುದರಲ್ಲಿ ತಪ್ಪಿಲ್ಲ. ತೂಕದ ಬ್ಯಾಲೆನ್ಸ್ ಹೋದರೆ, ಸಿಲ್ವರ್ ನೈಟ್ರೇಟ್ ಬಾಟಲಿ ಹೋದರೆ ಸ್ಟಾಕ್ ರಿಜಿಸ್ಟರ್‌ನಲ್ಲಿ ಉತ್ತರ ಕೊಡಬೇಕಾದವರು ಅವರೇ. ಹಾಗಾಗಿ ಬರೀ "ಬೀಗ ಹಾಕಬೇಡಿ" ಎಂಬ ಸುತ್ತೋಲೆ ಹೊರಡಿಸಿ ಕೂತರೆ ಪ್ರಯೋಜನವಿಲ್ಲ. ವಿನ್ಯಾಸವೇ ಆ ಭಯಕ್ಕೆ ಉತ್ತರ ಕೊಡಬೇಕು.

ಮೊದಲನೆಯದು, ಬೆಲೆಬಾಳುವ ವಸ್ತುಗಳಿಗೆ ಲ್ಯಾಬಿನ ಪಕ್ಕದಲ್ಲೇ ಒಂದು ಗಟ್ಟಿ ಬಾಗಿಲಿನ ಸಣ್ಣ ಕೋಣೆ ಮಾಡಿ. ಬೀಗ ಅದಕ್ಕೆ ಹಾಕಲಿ. ಆಗ ಲ್ಯಾಬಿನ ಬಾಗಿಲು ತಿಜೋರಿಯ ಕೆಲಸ ಮಾಡಬೇಕಿಲ್ಲ. ಎರಡನೆಯದು, ಹೊರದಾರಿಯ ಬಾಗಿಲಿಗೆ ಪ್ಯಾನಿಕ್ ಬಾರ್ ಹಾಕಿಸಿ. ಬಾಗಿಲಿಗೆ ಅಡ್ಡಲಾಗಿ ಸೊಂಟದ ಎತ್ತರಕ್ಕೆ ಒಂದು ಪಟ್ಟಿ. ಒಳಗಿನಿಂದ ಮೈ ತಾಗಿದರೂ ತೆರೆದುಕೊಳ್ಳುತ್ತದೆ. ಹೊರಗಿನಿಂದ ಕೀಲಿ ಇಲ್ಲದೆ ಆಗುವುದಿಲ್ಲ. ಸಿನಿಮಾ ಮಾಲ್‌ಗಳಲ್ಲಿ ನೋಡಿರುತ್ತೀರಿ. ಕಳ್ಳನ ಭಯವೂ ಇಲ್ಲ, ಸಿಕ್ಕಿಕೊಳ್ಳುವ ಭಯವೂ ಇಲ್ಲ. ಮೂರನೆಯದು ಚಾನೆಲ್ ಗೇಟ್. ಲ್ಯಾಬಿನಲ್ಲಿ ಒಬ್ಬರೇ ಒಬ್ಬರು ಇದ್ದರೂ ಅದು ಪೂರ್ತಿ ತೆರೆದಿರಬೇಕು, ಅರ್ಧ ಎಳೆದು ಬಿಡುವಂತಿಲ್ಲ. ಸಂಜೆ ಕೊನೆಯಲ್ಲಿ ಬೀಗ ಹಾಕುವವರು ಲ್ಯಾಬಿನೊಳಗೆ ಹೋಗಿ ನೋಡಿಯೇ ಹಾಕಬೇಕು. ಪ್ರಾಜೆಕ್ಟ್ ಮಾಡುವ ಎಂಎಸ್ಸಿ ಹುಡುಗರು ಏಳು ಗಂಟೆಗೂ ಒಳಗೇ ಇರುತ್ತಾರೆ.

ಕಿಟಕಿಗಳಿಗೆ ಗ್ರಿಲ್ ಬೇಡ ಅಂದರೆ ಯಾರೂ ಒಪ್ಪುವುದಿಲ್ಲ. ಸರಿ, ಗ್ರಿಲ್ ಇರಲಿ. ಒಂದು ಕಿಟಕಿಯ ಗ್ರಿಲ್‌ಗಾದರೂ ಕೀಲು ಹಾಕಿಸಿ, ಒಳಗಿನಿಂದ ಕೀಲಿಯಿಲ್ಲದೆ ತೆಗೆಯುವ ಅಗುಳಿ ಇಡಿಸಿ. ನೆಲಮಹಡಿಯಲ್ಲಿ ಅದು ಮೂರನೇ ದಾರಿ.

ಹಂತ 4: ಟೇಬಲ್‌ಗಳು

ಈಗ ಟೇಬಲ್. ಗೋಡೆಗೆ ಒಂದು ತುದಿ ಅಂಟಿಸಿದ ಟೇಬಲ್ ಅಗ್ಗ. ನೀರು, ಡ್ರೈನೇಜ್, ಗ್ಯಾಸ್ ಎಲ್ಲ ಗೋಡೆಯಿಂದಲೇ ಬರುತ್ತದೆ. ಆದರೆ ಎರಡು ಟೇಬಲ್ ನಡುವೆ ನಿಂತವರಿಗೆ ಹೊರಬರಲು ಒಂದೇ ಬಾಯಿ. ಆ ಬಾಯಲ್ಲೇ ಬೆಂಕಿ ಹತ್ತಿದರೆ ಒಳಗಿನವರು ಸಿಕ್ಕಿಕೊಂಡರು ಅಂತಲೇ ಅರ್ಥ. ನಾಲ್ಕೂ ಕಡೆ ಬಿಡಿಯಾಗಿ ನಿಂತ ಟೇಬಲ್ ಆದರೆ ಪ್ರತಿಯೊಬ್ಬರಿಗೂ ಎರಡು ದಿಕ್ಕು. ನೆಲ ಅಗೆದು ಪೈಪ್ ಹಾಕುವ ಖರ್ಚು ಬರುತ್ತದೆ, ಬರಲಿ.

ಲೆಕ್ಕ ಹಾಕಿ ನೋಡಿ. 30 ಅಡಿ ಅಗಲದಲ್ಲಿ ಎರಡೂ ಗೋಡೆಗೆ 2 ಅಡಿಯ ಪಕ್ಕದ ಕಟ್ಟೆ. ನಡುವೆ 16 ಅಡಿ ಉದ್ದದ ಟೇಬಲ್. ಎರಡೂ ತುದಿಗೆ 5 ಅಡಿ ಓಡಾಟದ ದಾರಿ ಉಳಿಯಿತು. 40 ಅಡಿ ಉದ್ದದಲ್ಲಿ ಮುಂದೆ 7 ಅಡಿ ಬಿಡಿ, ಅಲ್ಲಿ ಬೋರ್ಡ್, ಮೇಷ್ಟ್ರ ಟೇಬಲ್, ಮೊದಲ ಬಾಗಿಲು. ಆಮೇಲೆ 5 ಅಡಿ ಅಗಲದ ಟೇಬಲ್, 5 ಅಡಿ ದಾರಿ, ಮತ್ತೆ ಟೇಬಲ್, ಮತ್ತೆ ದಾರಿ, ಮೂರನೇ ಟೇಬಲ್. ಹಿಂದೆ 8 ಅಡಿ ಉಳಿಯುತ್ತದೆ. ಒಂದು ಟೇಬಲ್‌ಗೆ ಪಕ್ಕಕ್ಕೆ ನಾಲ್ವರಂತೆ ಎಂಟು ಜನ. ಮೂರು ಟೇಬಲ್‌ಗೆ 24.

"ನಮ್ಮ ಬ್ಯಾಚ್ 32, ಇನ್ನೊಂದು ಟೇಬಲ್ ಹಾಕಿ" ಎಂಬ ಮಾತು ಬಂದೇ ಬರುತ್ತದೆ. ಹಾಕಿದರೆ, ಹಿಂದಿನ 8 ಅಡಿಯನ್ನು ನಾಲ್ಕಕ್ಕೆ ಇಳಿಸಿದರೂ, 5 ಅಡಿಯ ದಾರಿಗಳು 3 ಅಡಿಗೆ ಇಳಿಯುತ್ತವೆ. ಬೆನ್ನಿಗೆ ಬೆನ್ನು ಹಾಕಿ ಇಬ್ಬರು ನಿಂತಾಗ ನಡುವೆ ಮೂರನೆಯವನು ಬಿಸಿ ಬೀಕರ್ ಹಿಡಿದು ಹೋಗಬೇಕಾದರೆ 5 ಅಡಿ ಬೇಕೇ ಬೇಕು. ಟೈಮ್‌ಟೇಬಲ್‌ನಲ್ಲಿ ಇನ್ನೊಂದು ಬ್ಯಾಚ್ ಸೇರಿಸಿ, ಕೋಣೆಯಲ್ಲಿ ಇನ್ನೊಂದು ಟೇಬಲ್ ಬೇಡ. ಸ್ಟೂಲ್‌ಗಳು ಟೇಬಲ್ ಅಡಿಗೆ ಪೂರ್ತಿ ಹೋಗುವಂತಿರಲಿ. ಬ್ಯಾಗ್‌ಗಳಿಗೆ ಕಾರಿಡಾರ್‌ನ ಗೋಡೆಯೊಳಗೆ ಗೂಡು ಮಾಡಿಸಿ. ಓಡುವಾಗ ಕಾಲಿಗೆ ಮೊದಲು ಸಿಗುವುದು ಬ್ಯಾಗೇ.

ಹೊರದಾರಿಗೆ ಎಷ್ಟು ದೂರ ನಡೆಯಬೇಕು ಎಂದು ಅಳೆಯುವಾಗ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ನೇರ ಗೆರೆ ಎಳೆಯಬೇಡಿ. ಟೇಬಲ್ ಸುತ್ತಿ ನಡೆಯುವ ದಾರಿಯನ್ನೇ ಅಳೆಯಿರಿ. ಶಾಲಾ ಕಾಲೇಜುಗಳಿಗೆ ಎನ್‌ಬಿಸಿ ಕೊಡುವ ಮಿತಿ 30 ಮೀಟರ್, ಅಪಾಯಕಾರಿ ವಸ್ತುಗಳ ಕಟ್ಟಡಕ್ಕೆ 22.5. ಲ್ಯಾಬಿಗೆ ಎರಡನೇ ಅಂಕಿಯನ್ನೇ ಹಿಡಿಯಿರಿ ಎನ್ನುತ್ತೇನೆ.

ಹಂತ 5: ಅಪಾಯವನ್ನು ಬಾಗಿಲಿನಿಂದ ದೂರ, ಸ್ವಿಚ್‌ಗಳನ್ನು ಬಾಗಿಲ ಹತ್ತಿರ

ಬೆಂಕಿ, ಸ್ಫೋಟ ಆಗುವುದಾದರೆ ಫ್ಯೂಮ್ ಹುಡ್‌ನಲ್ಲೇ ಆಗುವ ಸಾಧ್ಯತೆ ಜಾಸ್ತಿ. ಹಾಗಾಗಿ ಅದು ಎರಡೂ ಬಾಗಿಲಿನಿಂದ ದೂರ ಇರಬೇಕು. ನಮ್ಮ ಲ್ಯಾಬಿನಲ್ಲಿ ಹಿಂದಿನ ಗೋಡೆಯ ಕಿಟಕಿ ಕಡೆಯ ಮೂಲೆ ಸರಿಯಾದ ಜಾಗ. 3 ಅಡಿ ಆಳದ ಹುಡ್ ಇಟ್ಟರೂ ಮುಂದೆ 5 ಅಡಿ ಉಳಿಯುತ್ತದೆ. ಹುಡ್ ಬಾಗಿಲ ಪಕ್ಕ ಬೇಡ ಅನ್ನುವುದಕ್ಕೆ ಇನ್ನೂ ಒಂದು ಕಾರಣ ಇದೆ. ಬಾಯಲ್ಲಿ ಗಾಳಿ ಸೆಕೆಂಡಿಗೆ ಅರ್ಧ ಮೀಟರ್ ಆಸುಪಾಸು ವೇಗದಲ್ಲಿ ಒಳಗೆ ಹೋಗುತ್ತಿರುತ್ತದೆ. ಯಾರಾದರೂ ಪಕ್ಕದಲ್ಲೇ ಬೇಗ ನಡೆದರೆ, ಬಾಗಿಲು ದಬ್ಬಿದರೆ, ಆ ಗಾಳಿ ಕೆಟ್ಟು ಹೊಗೆ ಹೊರಗೆ ಬರುತ್ತದೆ. ಮೇಲೆ ಫ್ಯಾನ್ ತಿರುಗುತ್ತಿದ್ದರೂ ಅದೇ ಕಥೆ.

ಎಲ್‌ಪಿಜಿ ಸಿಲಿಂಡರ್ ಲ್ಯಾಬಿನೊಳಗೆ ಬೇಡ. ಹೊರಗೋಡೆಗೆ ನೆರಳಿನಲ್ಲಿ, ಜಾಲರಿ ಪಂಜರದಲ್ಲಿ ನೇರವಾಗಿ ನಿಲ್ಲಿಸಿ. ಹತ್ತಿರ ಚರಂಡಿ, ಮ್ಯಾನ್‌ಹೋಲ್, ಸಂಪ್ ಇರಬಾರದು. ಸೋರಿದ ಗ್ಯಾಸ್ ಅಲ್ಲಿಗೇ ಇಳಿಯುತ್ತದೆ. ಗಾಳಿಯಲ್ಲಿ ಶೇಕಡಾ 2ರಷ್ಟು ಸೇರಿದರೂ ಸಾಕು, ಹತ್ತಿಕೊಳ್ಳುತ್ತದೆ. ಲ್ಯಾಬಿನ ಒಳಗೂ ನೆಲಮಟ್ಟದಲ್ಲಿ ಗಾಳಿಕಿಂಡಿ ಇಡಿ. ನಮ್ಮಲ್ಲಿ ವೆಂಟಿಲೇಟರ್ ಅಂದರೆ ಸೂರಿನ ಹತ್ತಿರ ಮಾತ್ರ, ಎಲ್‌ಪಿಜಿ ಮಟ್ಟಿಗೆ ಅದು ಇದ್ದೂ ಇಲ್ಲದಂತೆ.

ಇಡೀ ಲ್ಯಾಬಿನ ಗ್ಯಾಸ್ ನಿಲ್ಲಿಸುವ ಮುಖ್ಯ ವಾಲ್ವ್ ಮೇಷ್ಟ್ರು ಹೊರಗೆ ಹೋಗುವ ದಾರಿಯಲ್ಲೇ, ಮೊದಲ ಬಾಗಿಲ ಪಕ್ಕ ಇರಲಿ. ಪೈಪ್ ಅಲ್ಲಿಗೆ ಬರುವುದಿಲ್ಲ ಅಂದರೆ ಕರೆಂಟಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್ ಹಾಕಿಸಿ, ಬಟನ್ ಬಾಗಿಲ ಹತ್ತಿರ ತನ್ನಿ. ಕರೆಂಟ್ ಹೋದರೆ ತಾನೇ ಮುಚ್ಚಿಕೊಳ್ಳುವ, ಕೈಯಿಂದ ರೀಸೆಟ್ ಮಾಡಿದರೆ ಮಾತ್ರ ತೆರೆಯುವಂಥದ್ದನ್ನೇ ಕೇಳಿ.

ಕರೆಂಟ್ ಅಂದಾಗ ನೆನಪಾಯಿತು. ಮಧ್ಯಾಹ್ನ ಮೂರಕ್ಕೆ ಕರೆಂಟ್ ಹೋಗುತ್ತದೆ. ಹಾಟ್‌ಪ್ಲೇಟ್ ಆಫ್ ಮಾಡಲು ಯಾರಿಗೂ ನೆನಪಾಗುವುದಿಲ್ಲ. ಎಲ್ಲರೂ ಮನೆಗೆ ಹೋಗುತ್ತಾರೆ. ರಾತ್ರಿ ಕರೆಂಟ್ ಬರುತ್ತದೆ, ಪ್ಲೇಟ್ ಕಾಯಲು ಶುರು. ಇದನ್ನು ತಪ್ಪಿಸಲು ಟೇಬಲ್ ಸಾಕೆಟ್‌ಗಳ ಲೈನಿಗೆ ಕಾಂಟ್ಯಾಕ್ಟರ್ ಎಂಬ ಸ್ವಿಚ್ ಹಾಕಿಸಿ. ಒಮ್ಮೆ ಕರೆಂಟ್ ಹೋದರೆ ಯಾರಾದರೂ ಬಂದು ಹಸಿರು ಬಟನ್ ಒತ್ತುವ ತನಕ ಸಾಕೆಟ್‌ಗಳಿಗೆ ಕರೆಂಟ್ ಬರಬಾರದು. ತುರ್ತು ದೀಪ ಮತ್ತು ಹುಡ್ ಫ್ಯಾನ್ ಮಾತ್ರ ಬೇರೆ ಲೈನ್‌ನಲ್ಲಿರಲಿ. ಎಲ್ಲವನ್ನೂ ಒಂದೇ ಮೇನ್‌ಗೆ ಸೇರಿಸಿದರೆ ಗಾಬರಿಯಲ್ಲಿ ಮೇನ್ ಆಫ್ ಮಾಡಿದವರು ದೀಪವನ್ನೂ ಆರಿಸಿರುತ್ತಾರೆ.

ಹಂತ 6: ಸ್ಟೋರ್

ಲ್ಯಾಬಿನೊಳಗೆ ಆ ದಿನಕ್ಕೆ ಬೇಕಾದಷ್ಟೇ ಸಾಲ್ವೆಂಟ್. ಉಳಿದದ್ದು ಬೇರೆ ಕೋಣೆಯಲ್ಲಿ. ಆ ಕೋಣೆ ಮೆಟ್ಟಿಲ ಕೆಳಗೆ ಇರಬಾರದು. ಮೆಟ್ಟಿಲ ಅಡಿಯ ಖಾಲಿ ಜಾಗ ಕಂಡರೆ ಸ್ಟೋರ್ ಮಾಡುವುದು ನಮ್ಮ ಹಳೇ ಚಟ. ಅಲ್ಲಿ ಬೆಂಕಿ ಬಿದ್ದರೆ ಮೇಲಿನ ಮಹಡಿಯವರ ದಾರಿಯೇ ಹೋಯಿತು.

ಬಾಟಲಿಗಳನ್ನು ಅಕಾರಾದಿಯಾಗಿ ಜೋಡಿಸುವುದು ನೋಡಲು ಅಚ್ಚುಕಟ್ಟು, ಆದರೆ ಅಪಾಯ. ಹಾಗೆ ಜೋಡಿಸಿದರೆ ನೈಟ್ರಿಕ್ ಆಸಿಡ್ ಪಕ್ಕ ನೈಟ್ರೋಬೆಂಜೀನ್ ಬಂದು ಕೂರುತ್ತದೆ. ಅವೆರಡೂ ಸೇರಿದರೆ ಸ್ಫೋಟಕ. ಗುಣದ ಪ್ರಕಾರ ಬೇರೆ ಬೇರೆ ಇಡಿ: ಹತ್ತಿಕೊಳ್ಳುವವು ಒಂದು ಕಡೆ, ಬೆಂಕಿಯನ್ನು ಇನ್ನಷ್ಟು ಉರಿಸುವ ಆಕ್ಸಿಡೈಸರ್‌ಗಳು ಇನ್ನೊಂದು ಕಡೆ, ಆಸಿಡ್ ಬೇರೆ, ನೀರು ತಾಗಿದರೆ ಉರಿಯುವ ಸೋಡಿಯಂನಂಥವು ಇನ್ನೂ ಬೇರೆ. ದೊಡ್ಡ ಬಾಟಲಿಗಳು ಕಣ್ಣಿನ ಮಟ್ಟಕ್ಕಿಂತ ಕೆಳಗೆ. ಮನೆ ಬಳಕೆಯ ಫ್ರಿಜ್‌ನಲ್ಲಿ ಈಥರ್ ಇಡಬೇಡಿ. ಒಳಗಿನ ಥರ್ಮೋಸ್ಟಾಟ್, ಬಲ್ಬ್ ಸ್ವಿಚ್ ಕೊಡುವ ಸಣ್ಣ ಕಿಡಿಗೆ ಫ್ರಿಜ್ ಬಾಗಿಲೇ ಹಾರಿಹೋಗಬಹುದು. ಭಾರತೀಯ ಮಾನಕ ಐಎಸ್ 4209 ರಾಸಾಯನಿಕ ಲ್ಯಾಬ್‌ಗಳ ಸುರಕ್ಷತೆಯ ಬಗ್ಗೆಯೇ ಇದೆ. ಒಂದು ಪ್ರತಿ ಸ್ಟೋರ್‌ನಲ್ಲೇ ಇರಲಿ.

ಹಂತ 7: ಶವರ್, ಮತ್ತು ಅದಕ್ಕೆ ನೀರು

ಬಟ್ಟೆಗೆ ಬೆಂಕಿ ಹತ್ತಿದಾಗ, ಆಸಿಡ್ ಚೆಲ್ಲಿದಾಗ ಬೇಕಾಗುವುದು ತುರ್ತು ಶವರ್. 2008ರ ಡಿಸೆಂಬರ್‌ನಲ್ಲಿ ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಗಾಳಿ ತಾಗಿದರೇ ಉರಿಯುವ ಟರ್ಷಿಯರಿ ಬ್ಯೂಟೈಲ್ ಲಿಥಿಯಂ ಚೆಲ್ಲಿ ಯುವ ಸಂಶೋಧಕಿಯ ಸ್ವೆಟರ್ ಹೊತ್ತಿಕೊಂಡಿತು. ಲ್ಯಾಬ್ ಕೋಟ್ ಇರಲಿಲ್ಲ. ಶವರ್ ಇತ್ತು, ಬಳಕೆಯಾಗಲಿಲ್ಲ. ಮುಂದಿನ ತಿಂಗಳು ಆಕೆ ತೀರಿಕೊಂಡರು.

ಶವರ್ ಯಾವುದೇ ಟೇಬಲ್‌ನಿಂದ 10 ಸೆಕೆಂಡಿನಲ್ಲಿ ತಲುಪುವಂತಿರಬೇಕು, ಎರಡನೇ ಬಾಗಿಲಿನ ದಾರಿಯಲ್ಲಿದ್ದರೆ ಒಳ್ಳೆಯದು, ಬಾಗಿಲಿಗೇ ಅಡ್ಡ ಬೇಡ. ಇಲ್ಲಿಯವರೆಗೂ ಎಲ್ಲರೂ ಮಾಡುತ್ತಾರೆ. ಮರೆಯುವುದು ನೀರನ್ನು. ಅಮೆರಿಕದ ಮಾನಕದ ಪ್ರಕಾರ ನಿಮಿಷಕ್ಕೆ ಸುಮಾರು 76 ಲೀಟರ್, 15 ನಿಮಿಷ. ಅಂದರೆ 1,140 ಲೀಟರ್. ಕಟ್ಟಡದ ಮೇಲಿರುವ ಸಾವಿರ ಲೀಟರಿನ ಟ್ಯಾಂಕು ಅಷ್ಟು ಕೊಡಲಾರದು. ಅದರಲ್ಲೂ ಟಾಯ್ಲೆಟ್‌ಗೂ ಅದೇ ಟ್ಯಾಂಕು. ಮಾರ್ಚ್, ಏಪ್ರಿಲ್‌ನಲ್ಲಿ ಟ್ಯಾಂಕರ್ ಕಾಯುವ ದಿನಗಳಲ್ಲಿ ಕೇಳುವುದೇ ಬೇಡ. ಶವರ್‌ಗೆ ಬೇರೆ ಟ್ಯಾಂಕ್, ನೆರಳಿನಲ್ಲಿ. ಬಿಸಿಲಿಗೆ ಕಾದ ಕರಿ ಟ್ಯಾಂಕಿನ ನೀರನ್ನು ಸುಟ್ಟ ಮೈಮೇಲೆ ಸುರಿಯಲಾಗುವುದಿಲ್ಲ.

ಪರೀಕ್ಷೆ ಸುಲಭ. ಶವರ್ ಕೆಳಗೆ 20 ಲೀಟರ್ ಬಕೆಟ್ ಹಿಡಿದು ಸರಪಳಿ ಎಳೆಯಿರಿ. 16 ಸೆಕೆಂಡಿನಲ್ಲಿ ತುಂಬಿದರೆ ಪಾಸ್. ಇಲ್ಲವಾದರೆ ದಪ್ಪ ಪೈಪ್ ಅಥವಾ ಬೂಸ್ಟರ್ ಪಂಪ್ ಬೇಕು.

ಹಂತ 8: ನಂದಿಸುವ ಸಾಧನ, ದೀಪ

ಎಕ್ಸ್‌ಟಿಂಗ್ವಿಷರ್ ಅನ್ನು ಹುಡ್ ಪಕ್ಕ ನೇತುಹಾಕಬೇಡಿ. ಬಾಗಿಲ ಪಕ್ಕ ಹಾಕಿ. ತರಲು ಹೋದವರು ಬಾಗಿಲ ಬಳಿಯೇ ಇರುತ್ತಾರೆ, ಬೆಂಕಿ ದೊಡ್ಡದಾಗಿದ್ದರೆ ಹಾಗೇ ಹೊರಗೆ ಹೋಗಬಹುದು. ಸಾಲ್ವೆಂಟ್ ಮತ್ತು ಕರೆಂಟ್ ಬೆಂಕಿಗೆ ಕಾರ್ಬನ್ ಡೈಆಕ್ಸೈಡ್‌ನದ್ದು, ಜೊತೆಗೆ ಎಬಿಸಿ ಪೌಡರ್‌ನದ್ದು ಒಂದು. ಪೌಡರ್ ಒಳ್ಳೆಯದೇ, ಆದರೆ ಉಪಕರಣಗಳ ಮೇಲೆ ಬಿದ್ದರೆ ಅವು ತುಕ್ಕು ಹಿಡಿದು ಹಾಳಾಗುತ್ತವೆ. ಸೋಡಿಯಂಗೆ ಇವೆರಡೂ ಬೇಡ, ನೀರಂತೂ ಬೇಡವೇ ಬೇಡ. ಒಣ ಮರಳು ಬೇಕು. ಬಕೆಟ್‌ನ ಮರಳು ಒದ್ದೆಯಾಗಿಲ್ಲವಾ, ಅದರಲ್ಲಿ ಬೆಂಕಿಕಡ್ಡಿ, ಗುಟ್ಕಾ ಪ್ಯಾಕೆಟ್ ಇಲ್ಲವಾ ನೋಡಿಕೊಳ್ಳಿ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್‌ಗೆ ಒತ್ತಡದ ಮುಳ್ಳು ಇರುವುದಿಲ್ಲ. ತೂಕ ಹಾಕಿಯೇ ತಿಳಿಯಬೇಕು. ಸುಮ್ನೆ ಸ್ಟಿಕ್ಕರ್ ಮೇಲೆ ಹೊಸ ತಾರೀಕು ಬರೆದು ಹೋಗುವ ಏಜೆನ್ಸಿಯವರನ್ನು ತೂಕದ ಚೀಟಿ ಕೇಳಿ.

ಹೊರದಾರಿಯ ದೀಪ ಬ್ಯಾಟರಿಯಲ್ಲಿ ಒಂದೂವರೆ ಗಂಟೆ ಉರಿಯಬೇಕು. ಹೊಗೆ ಮೇಲೆ ಕಟ್ಟುವುದರಿಂದ ಬಾಗಿಲ ಮೇಲಿನ ಬೋರ್ಡ್ ಜೊತೆಗೆ ನೆಲದ ಹತ್ತಿರವೂ ಕತ್ತಲಲ್ಲಿ ಹೊಳೆಯುವ ಪಟ್ಟಿ ಅಂಟಿಸಿ. ಬರಹ ಕನ್ನಡದಲ್ಲೂ ಇರಲಿ.

ಹಳೇ ಕಟ್ಟಡವಾದರೆ

ಮೈಸೂರಿನಲ್ಲಿ ಇದು ದೊಡ್ಡ ವಿಷಯ. ದಪ್ಪ ಗೋಡೆ, ಮದ್ರಾಸ್ ತಾರಸಿ, ತೇಗದ ತೊಲೆ, ಒಂದೇ ಬಾಗಿಲು. ಇಂಥ ಕಡೆ ಮರವೇ ಉರುವಲು. 1897ರಲ್ಲಿ ಹಳೇ ಮರದ ಅರಮನೆ ಮದುವೆ ಸಂಭ್ರಮದ ನಡುವೆ ಸುಟ್ಟುಹೋದದ್ದು, ಈಗಿನ ಅರಮನೆ ಅದರ ಜಾಗದಲ್ಲಿ 1912ಕ್ಕೆ ಮುಗಿದದ್ದು ಈ ಊರಿಗೆ ಗೊತ್ತಿರುವ ಕಥೆಯೇ. ಪಾರಂಪರಿಕ ಗೋಡೆ ಒಡೆಯಲು ಅನುಮತಿ ಸಿಗುವುದು ಕಷ್ಟ. ಕಿಟಕಿಯ ಕೆಳಭಾಗ ತೆಗೆದು ಬಾಗಿಲು ಮಾಡುವುದಕ್ಕೆ ಕೆಲವೊಮ್ಮೆ ಒಪ್ಪಿಗೆ ಸಿಗಬಹುದು, ಕೇಳಿ ನೋಡಿ. ಸಿಗದಿದ್ದರೆ ಸಾಲ್ವೆಂಟ್ ಜಾಸ್ತಿ ಬಳಸುವ ಆರ್ಗಾನಿಕ್ ಕೆಮಿಸ್ಟ್ರಿ ಲ್ಯಾಬನ್ನು ಹೊಸ ಬ್ಲಾಕಿಗೆ ಕಳಿಸಿ, ಹಳೇ ಕೋಣೆಯನ್ನು ಬೆಂಕಿ ಬಳಸದ ಕೆಲಸಕ್ಕೆ ಇಟ್ಟುಕೊಳ್ಳಿ.

ಹಂತ 9: ಹಸ್ತಾಂತರಕ್ಕೆ ಮುನ್ನ ನಡೆದು ನೋಡಿ

ಕಾಂಟ್ರಾಕ್ಟರ್‌ಗೆ ಕೊನೆಯ ಕಂತು ಕೊಡುವ ಮೊದಲು ಒಂದು ಸಂಜೆ ಕತ್ತಲಾದ ಮೇಲೆ ಹೋಗಿ. ಮೇನ್ ಆಫ್ ಮಾಡಿ. ಹುಡ್ ಹತ್ತಿರದ ಮೂಲೆಯಿಂದ ಬಗ್ಗಿಕೊಂಡು, ಒಂದು ಕೈ ಟೇಬಲ್ ಅಂಚಿನ ಮೇಲಿಟ್ಟು, ಎರಡೂ ಬಾಗಿಲಿಗೆ ನಡೆಯಿರಿ. ಎಲ್ಲಿ ಎಡವಿದಿರೋ ಅಲ್ಲಿ ಗುರುತು ಹಾಕಿ. ಅಲ್ಲಿಂದ ಕಾರಿಡಾರ್, ಮೆಟ್ಟಿಲು, ಬಯಲಿನವರೆಗೂ ಹೋಗಿ. ಎಲ್ಲರೂ ಸೇರುವ ಜಾಗ ಬೈಕ್ ಸ್ಟ್ಯಾಂಡ್ ಆಗಬಾರದು, ಅಗ್ನಿಶಾಮಕ ವಾಹನ ಬರುವ ದಾರಿಯೂ ಆಗಬಾರದು.

ಹತ್ತಿರದ ಅಗ್ನಿಶಾಮಕ ಠಾಣೆಯವರನ್ನು ಕರೆಸಿ. ಅವರ ವಾಹನ ನಿಮ್ಮ ಗೇಟಿನ ಕಮಾನು ದಾಟುತ್ತದಾ, ತಿರುವಿನಲ್ಲಿ ಮರದ ಕೊಂಬೆ ಅಡ್ಡ ಇದೆಯಾ ಎಂದು ಅವರೇ ಹೇಳುತ್ತಾರೆ. ಏಪ್ರಿಲ್ 14 ರಾಷ್ಟ್ರೀಯ ಅಗ್ನಿಶಾಮಕ ದಿನ. 1944ರಲ್ಲಿ ಬಾಂಬೆ ಬಂದರಿನ ಹಡಗು ಸ್ಫೋಟದಲ್ಲಿ ಮಡಿದ ಸಿಬ್ಬಂದಿಯ ನೆನಪಿಗೆ ಆಚರಿಸುತ್ತಾರೆ. ಆ ವಾರ ಅವರು ಸಂತೋಷವಾಗಿ ಬಂದು ಪ್ರಾತ್ಯಕ್ಷಿಕೆ ಮಾಡಿ ತೋರಿಸುತ್ತಾರೆ. ಆದರೆ ಅಷ್ಟೊತ್ತಿಗೆ ಎಷ್ಟೋ ಕಡೆ ಮಕ್ಕಳು ಪರೀಕ್ಷೆಯಲ್ಲೋ ರಜೆಯಲ್ಲೋ ಇರುತ್ತಾರೆ. ಹೊಸ ಬ್ಯಾಚ್ ಬಂದ ಮೊದಲ ಪ್ರಾಕ್ಟಿಕಲ್ ದಿನವೇ ನಿಮ್ಮದೇ ಒಂದು ಅಭ್ಯಾಸ ಇಟ್ಟುಕೊಳ್ಳಿ, ಎರಡನೇ ಬಾಗಿಲಿನಿಂದಲೇ ಹೊರಗೆ ಕಳಿಸಿ. 101 ಮತ್ತು 112 ಸಂಖ್ಯೆಗಳನ್ನು, ಜೊತೆಗೆ ಕಟ್ಟಡಕ್ಕೆ ಬರುವ ದಾರಿಯ ಗುರುತನ್ನು ಬಾಗಿಲ ಹೊರಗೆ ಬರೆಸಿ. ಫೋನ್ ಮಾಡುವವರು ಆ ಹೊತ್ತಿಗೆ ಹೊರಗೇ ನಿಂತಿರುತ್ತಾರೆ.

ಕೊನೆಗೆ, ಎರಡನೇ ಬಾಗಿಲ ಒಳಗೂ ಹೊರಗೂ ನೆಲಕ್ಕೆ 4 ಅಡಿ ಚೌಕ ಹಳದಿ ಬಣ್ಣ ಬಳಿಸಿ. ತಿಂಗಳಿಗೊಮ್ಮೆ ಅಟೆಂಡರ್ ಆ ಚೌಕದ ಫೋಟೋ ತೆಗೆದು ವಿಭಾಗದ ಮುಖ್ಯಸ್ಥರಿಗೆ ಕಳಿಸಲಿ. ಫೋಟೋದಲ್ಲಿ ಬೀರುವಿನ ಕಾಲು ಕಂಡರೆ ಅವತ್ತೇ ಅದನ್ನು ತೆಗೆಸಿ.